ನಿಂಗಮ್ಮ ಕೆನೆ ತೆಗೆದಿರಲಿಲ್ಲ

ನಾನು ನಿಂತಿದ್ದದ್ದು ಡೈರಿಯ ಎರಡನೆಯ ಮೆಟ್ಟಿಲ ಮೇಲೆ, ಬಾಗಿಲಿಗೆ ಬಲಗಡೆ. ಹೊತ್ತು ಮುಂಜಾನೆ ಆರೂವರೆಯ ಆಸುಪಾಸು. ಶಹಾಬಾದ ಕಡೆಗೆ ಹೋಗುವ ಕಲ್ಲಿನ ಲಾರಿಗಳ ಸದ್ದು ಇನ್ನೂ ಶುರುವಾಗಿರಲಿಲ್ಲ. ಬೇಸಿಗೆ ರಜೆ, ನನಗೆ ಐದನೆಯ ತರಗತಿ ಮುಗಿದಿತ್ತು. ಎಮ್ಮೆ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು, ನಡುವೆ ಯಾರೂ ಇರಲಿಲ್ಲ.

ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಅದರ ಹಿಂದಿನ ಸಂಜೆ ಅದೇ ಡೈರಿಯ ಮುಂದೆ ನಾನು ಒಂದು ಮಾತು ಆಡಿದ್ದೆ. ಮಾತು ಖರೆಯೇ ಆಗಿತ್ತು. ಆದರೂ ಅದರಿಂದ ಒಬ್ಬ ಹೆಂಗಸಿನ ಹೆಸರು ಕೆಟ್ಟಿತು. ಅಂದಿನಿಂದ ನೋಡಿದ್ದನ್ನು ಹೇಳುವಾಗಲೆಲ್ಲ ನಾನು ಎಲ್ಲಿ ನಿಂತಿದ್ದೆ, ಎಷ್ಟು ನೋಡಿದೆ, ಎಷ್ಟು ನೋಡಲಿಲ್ಲ ಎಂಬುದನ್ನು ಮೊದಲು ನನಗೇ ಕೇಳಿಕೊಳ್ಳುತ್ತೇನೆ.

ನಮ್ಮ ಓಣಿಯಲ್ಲಿ ಹಾಲನ್ನು ಎಮ್ಮೆಯ ಹೆಸರಿನಿಂದ ಕರೆಯುತ್ತಿದ್ದ ಕಾಲವದು. ಶಹಾಬಾದಿನಿಂದ ಭಂಕೂರದ ಕಡೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಊರು. ಗೋಡೆ ಕಲ್ಲಿನದು, ನೆಲ ಹಾಸುಗಲ್ಲಿನ ಫರಸಿಯದು, ಕೆಲವು ಮನೆಗಳ ಮಾಳಿಗೆಗೂ ಫರಸಿಯೇ. ಅಪ್ಪ ವಾಡಿಯ ಸಿಮೆಂಟ್ ಫ್ಯಾಕ್ಟರಿಗೆ ಪಾಳಿಯ ಮೇಲೆ ಹೋಗುತ್ತಿದ್ದ. ಬರುವಾಗ ಅವನ ಹುಬ್ಬಿನ ಮೇಲೆ ಬೂದಿ ಬಣ್ಣದ ಪುಡಿ ಕೂತಿರುತ್ತಿತ್ತು. ಅವ್ವ ಮೊದಲು ಮುಖಕ್ಕೆ ನೀರು ಕೊಟ್ಟು, ಆಮೇಲೆ ಚಹಾ ಕೊಡುತ್ತಿದ್ದಳು. ಆ ಚಹಾದ ಹಾಲು ಚಂದ್ರಿಯದು.

ಚಂದ್ರಿ ಎಂದರೆ ನಿಂಗಮ್ಮನ ಎಮ್ಮೆ. ಹಣೆಯ ಮೇಲೆ ರೂಪಾಯಿಯಷ್ಟಗಲ ಬಿಳಿ ಮಚ್ಚೆ ಇದ್ದದ್ದರಿಂದ ಆ ಹೆಸರು. ನಿಂಗಮ್ಮನಿಗೆ ಆಗ ಅರವತ್ತರ ಹತ್ತಿರ ವಯಸ್ಸು. ಗಂಡ ಖಣಿಯಲ್ಲಿ ಕಲ್ಲು ಒಡೆಯುತ್ತ ಸತ್ತು ಬಹಳ ವರ್ಷಗಳಾಗಿದ್ದವು. ಮಗ, ಸೊಸೆ, ಒಬ್ಬ ಚಿಕ್ಕ ಮೊಮ್ಮಗ ಜೊತೆಗಿದ್ದರು. ನಾವು ಹುಡುಗರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದೆವು. ನಮ್ಮ ಮನೆಗೆ ಸಂಬಂಧವೇನೂ ಇಲ್ಲ, ಹಾಲಿನದೇ ಸಂಬಂಧ.

ಆ ಹಾಲು ದಿನಕ್ಕೊಂದು ಥರ ಇರುತ್ತಿತ್ತು. ತೊಗರಿ ರಾಶಿ ಮುಗಿದು ಹೊಟ್ಟು ತಿನ್ನುವ ದಿನಗಳಲ್ಲಿ ಒಂದು ವಾಸನೆ, ಹತ್ತಿಕಾಳು ನೆನೆಸಿಟ್ಟ ದಿನಗಳಲ್ಲಿ ಇನ್ನೊಂದು. ಅವ್ವ ಚಹಾ ಕುಡಿಯುತ್ತಲೇ ಚಂದ್ರಿ ಏನು ತಿಂದಿದ್ದಾಳೆ ಎಂದು ಹೇಳುತ್ತಿದ್ದಳು. ಒಮ್ಮೆ ಬಾಗಿಲಲ್ಲಿ ನಡೆದ ಮಾತು ನನಗೆ ಹಾಗೆಯೇ ನೆನಪಿದೆ.

“ನಿಂಗಮ್ಮತ್ತಿ, ನಿನ್ನಿ ಹಾಲು ಜರಾ ಕಹಿ ಇತ್ತು,” ಅಂದಳು ಅವ್ವ.

“ಬೇವಿನ ತೊಪ್ಪಲಕ್ಕ ಬಾಯಿ ಹಾಕ್ಯಾದವ್ವ. ಬ್ಯಾಡ ಅಂದ್ರ ಕೇಳ್ತದೇನು? ನನ್ನ ಮನ್ಯಾಗ ಇದ್ದು ನನ್ನಂಗೇ ಆಗ್ಯಾದ.”

“ಹಂಗಾದ್ರ ಇವತ್ತಿಂದು?”

“ಇವತ್ತು ಜ್ವಾಳದ ಕಣಕಿ ಬಿಟ್ರ ಏನೂ ತಿಂದಿಲ್ಲ. ಕುಡದು ಹೇಳು.”

ರಜೆಯಲ್ಲಿ ತಂಬಿಗೆ ಹಿಡಿದು ಹಾಲು ತರುವ ಕೆಲಸ ನನ್ನದು. ನನ್ನ ಜೊತೆ ರಜಿಯಾ ಬರುತ್ತಿದ್ದಳು. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವರದು, ಇಬ್ಬರೂ ಒಂದೇ ತರಗತಿ. ದಾರಿಯ ಫರಸಿಗಳ ಮೇಲೆ ಕುಂಟುತ್ತ ಆಡುತ್ತ, ಗೆರೆ ತುಳಿದವರು ಸೋತಂತೆ ಎಂದು ಜಗಳಾಡುತ್ತ ನಿಂಗಮ್ಮನ ಕೊಟ್ಟಿಗೆಗೆ ಹೋಗುತ್ತಿದ್ದೆವು. ಒಳಗೆ ಸಗಣಿ, ನೆನೆದ ಹಿಂಡಿ, ಬೆಚ್ಚಗಿನ ಎಮ್ಮೆಯ ಮೈ, ಎಲ್ಲ ಸೇರಿದ ಒಂದು ವಾಸನೆ. ಅದು ನನಗೆ ಹಿತವಾಗಿತ್ತು, ಈಗಲೂ ಹಿತವೇ.

ಚಂದ್ರಿಗೆ ಆಗ ಮೂರು ತಿಂಗಳ ಕರುವಿತ್ತು. ಗಂಡು ಕರು. ನಿಂಗಮ್ಮ ಮೊದಲು ಅದನ್ನು ಬಿಡುತ್ತಿದ್ದಳು. ಅದು ನಾಲ್ಕು ಸಲ ಕೆಚ್ಚಲಿಗೆ ಗುದ್ದಿದರೆ ಎಮ್ಮೆ ತೊರೆ ಬಿಟ್ಟು ಮೊಲೆಗಳಿಗೆ ಹಾಲಿಳಿಯುತ್ತಿತ್ತು. ಕರುವನ್ನು ಎಳೆದು ಕಟ್ಟಿ ಅವಳು ಹಿಂಡಲು ಕೂರುತ್ತಿದ್ದಳು. ಬುರುಬುರು ನೊರೆಯೆದ್ದು ಪಾತ್ರೆ ತುಂಬುತ್ತ ಬಂದು, ಧಾರೆ ಸಣ್ಣಗಾಗುವ ಹೊತ್ತಿಗೆ ಕೈ ತೆಗೆದುಬಿಡುತ್ತಿದ್ದಳು.

“ಬಿಡವ್ವ ಶಶಿ, ಕರಾ ಬಿಡು,” ಎನ್ನುತ್ತಿದ್ದಳು.

ಕರು ಕಟ್ಟಿದ ಹಗ್ಗ, ದಾವಣಿ, ಬಿಚ್ಚುವವಳು ನಾನು. ಕರು ಓಡಿಹೋಗಿ ಬಾಯಿ ಹಚ್ಚುತ್ತಿತ್ತು. “ಕಡೀ ಹಾಲು ಅದರದ್ದು,” ಅನ್ನುತ್ತಿದ್ದಳು ನಿಂಗಮ್ಮ, ಯಾರಿಗೂ ಅಲ್ಲ, ಸುಮ್ಮನೆ. ಅವಳ ಅತ್ತೆ ಹಾಗೆ ಮಾಡುತ್ತಿದ್ದಳಂತೆ, ಅವಳೂ ಹಾಗೆ ಮಾಡುತ್ತಿದ್ದಳು. ಅದರಲ್ಲಿ ಏನಾದರೂ ವಿಶೇಷವಿದೆ ಎಂದು ನಮಗಾಗಲಿ ಅವಳಿಗಾಗಲಿ ಅನ್ನಿಸಿರಲಿಲ್ಲ.

ಆ ವರ್ಷ ಊರಿಗೆ ಡೈರಿ ಬಂತು. ಡೈರಿ ಎಂದರೆ ಒಂದು ಖೋಲಿ, ಒಂದು ಮೇಜು, ನಾಲ್ಕು ಕ್ಯಾನು, ಹಾಲು ಪರೀಕ್ಷೆ ಮಾಡುವ ಒಂದು ಬಿಳಿ ಮಿಷನ್ನು. ಅದನ್ನು ನಡೆಸುವವನು ರಜಿಯಾಳ ಅಪ್ಪ, ಮೌಲಾ ಮಾಮಾ. ಮಾತು ಕಡಿಮೆ, ಕೆಲಸದಲ್ಲಿ ಬಹಳ ಬರೋಬರಿ ಮನುಷ್ಯ. ಮೊದಲು ಹಾಲಿಗೆ ಗಾಜಿನ ಕಡ್ಡಿ ಬಿಟ್ಟು ಡಿಗ್ರಿ ನೋಡುತ್ತಿದ್ದ; ನೀರು ಬೆರೆತಿದ್ದರೆ ಅದರಲ್ಲಿ ಗೊತ್ತಾಗುತ್ತಿತ್ತು. ಆಮೇಲೆ ಮಿಷನ್ನಿನಲ್ಲಿ ಫ್ಯಾಟು, ಅಂದರೆ ಜಿಡ್ಡಿನ ಅಂಶ. ಎರಡನ್ನೂ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಪ್ರತಿಯೊಬ್ಬರ ಹೆಸರಿನ ಮುಂದೆ ಸೀಮೆಸುಣ್ಣದಿಂದ ಬರೆಯುತ್ತಿದ್ದ. ಊರವರಿಗೆ ಖುಷಿಯಾಯಿತು. ತಂತಮ್ಮ ಎಮ್ಮೆಯ ಹಾಲು ಹೇಗಿದೆ ಎಂಬುದು ಎಲ್ಲರ ಕಣ್ಣ ಮುಂದೆ. ಅದರಲ್ಲಿ ತಪ್ಪೇನಿಲ್ಲ. ಡೈರಿಯಿಂದ ಊರಿಗೆ ಒಳ್ಳೆಯದಾಯಿತು ಎಂಬುದನ್ನೂ ನಾನು ಬರೆಯಬೇಕು. ಕೈಯಲ್ಲಿ ಏನೂ ಇಲ್ಲದ ಹೆಂಗಸರು ಎಮ್ಮೆ ಕಟ್ಟಿ ಮಕ್ಕಳನ್ನು ಓದಿಸಿದರು.

ಕೆಲವು ತಿಂಗಳ ಮೇಲೆ ನಿಂಗಮ್ಮನೂ ಹಾಲು ಹಾಕಲು ಹೋದಳು. ನಮ್ಮಂಥ ಐದಾರು ಮನೆಗೆ ಕೊಟ್ಟು ಉಳಿದದ್ದು ಡೈರಿಗೆ. ಮೊದಲ ದಿನವೇ ಅವಳ ಫ್ಯಾಟು ಎಲ್ಲರಿಗಿಂತ ಕಡಿಮೆ ಬಂತು. ಎರಡನೆಯ ದಿನವೂ ಅಷ್ಟೇ. ಎಂಟು ದಿನ ಕಳೆದರೂ ಹಲಗೆಯಲ್ಲಿ ಅವಳದೇ ಕೊನೆಯ ಅಂಕಿ.

“ಡಿಗ್ರಿ ಛಲೋ ಅದ, ನಿಂಗಮ್ಮ. ನೀರಿಲ್ಲ,” ಅಂದ ಮೌಲಾ ಮಾಮಾ. “ಫ್ಯಾಟ್ ಮಾತ್ರ ಬರವಲ್ದು.”

“ನೀರು ಹಾಕಿಲ್ಲ ಅಂದ ಮ್ಯಾಲ ಮತ್ತೇನು ಬೇಕಪ್ಪ ನಿನ್ನ ಮಿಷನ್‌ಗೆ?”

ಸಾಲಿನಲ್ಲಿ ನಿಂತಿದ್ದ ಒಬ್ಬಳು ತನ್ನ ಕೊಡಪಾನ ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸುತ್ತ, “ನೀರು ಹಾಕಿಲ್ಲ, ಖರೆ. ಕೆನಿ ತಗದಿರಬೇಕು. ಹಾಲು ಡೈರಿಗಿ, ಕೆನಿ ಮೊಮ್ಮಗಗ,” ಅಂದಳು. ಎಲ್ಲ ನಕ್ಕರು. ನಿಂಗಮ್ಮನೂ ನಕ್ಕಳು. ಮೊದಲ ಸಲ ಅದು ತಮಾಷೆಯೇ ಆಗಿತ್ತು.

ಆದರೆ ಮಿಷನ್ನಿನ ಲೆಕ್ಕದಲ್ಲಿ ಆ ಮಾತು ಸರಿಯಾಗಿ ಕೂತಿತು. ನೀರಿಲ್ಲ, ಜಿಡ್ಡೂ ಇಲ್ಲ ಎಂದರೆ ಕೆನೆ ತೆಗೆದ ಹಾಲು. ಬೇರೆ ಅರ್ಥ ಯಾರಿಗೂ ಹೊಳೆಯಲಿಲ್ಲ. ತಮಾಷೆ ಹೋಗಿ ಸಂಶಯ ಉಳಿಯಿತು. ಅವಳಿಂದ ಇಡೀ ಊರಿನ ಕ್ಯಾನು ತೆಳುವಾಗುತ್ತಿದೆ ಎಂಬ ದೂರು ಡೈರಿಯ ಅಧ್ಯಕ್ಷರ ತನಕ ಹೋಯಿತು. ಅಧ್ಯಕ್ಷರು ನಮ್ಮೂರಿನ ಗೌಡರೇ. ಒಂದು ಸಂಜೆ ಹಾಲು ಹಾಕುವ ಹೊತ್ತಿಗೆ ಬಂದು ಕುರ್ಚಿ ಹಾಕಿಸಿಕೊಂಡು ಕೂತರು.

ನಾನು, ರಜಿಯಾ ಕ್ಯಾನುಗಳ ಪಕ್ಕದಲ್ಲಿದ್ದೆವು. ಗೌಡರ ಕಣ್ಣು ನನ್ನ ಮೇಲೆ ಬಿತ್ತು.

“ಇಕಿ ದಿನಾ ನಿಂಗಮ್ಮನ ಮನಿಗಿ ಹೋಗ್ತಾಳಲ್ಲ? ಬಾರವ್ವ ಇಲ್ಲಿ. ಹೆದರಬ್ಯಾಡ. ಆಯಿ ಮನ್ಯಾಗ ಕೆನಿ ತಿಂದಿಯೇನು?”

ತಿಂದಿದ್ದೆ. ಜೋಳದ ರೊಟ್ಟಿಯ ಮೇಲೆ ಕೆನೆ ಹಚ್ಚಿ, ಚೂರು ಬೆಲ್ಲ ಇಟ್ಟು, ಸುರುಳಿ ಸುತ್ತಿ ಕೊಡುತ್ತಿದ್ದಳು.

“ಹೂಂ,” ಅಂದೆ.

“ಎಷ್ಟು ಸಲ?”

“ಭಾಳ ಸಲ.”

ಅವರು ಮತ್ತೇನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆ ಕೆನೆ ಮನೆಯ ಖರ್ಚಿಗೆಂದು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟು ಕಾಯಿಸಿದ ಹಾಲಿನದು ಎಂದು ಹೇಳಲಿಲ್ಲ. ಅದು ಎಷ್ಟು ತೆಳುವಾಗಿರುತ್ತಿತ್ತೆಂದರೆ ಎರಡು ದಿನದ್ದು ಕೂಡಿಸಿದರೆ ಒಂದು ರೊಟ್ಟಿಗೆ ಸಾಲುತ್ತಿತ್ತು ಎಂದೂ ಹೇಳಲಿಲ್ಲ. ಅದನ್ನೆಲ್ಲ ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟೆ ಎಂದು, ಶಾಲೆಯಲ್ಲಿ ಅನ್ನಿಸುವಂತೆ, ಒಂದು ಗಳಿಗೆ ಖುಷಿಯೂ ಆಯಿತು. ಆ ಖುಷಿಯನ್ನು ನಾನು ಈತನಕ ಮರೆತಿಲ್ಲ.

“ಇನ್ನೇನದ? ನಾಳಿಯಿಂದ ನಿಂಗಮ್ಮನ ಹಾಲು ತಗೋಬ್ಯಾಡ್ರಿ,” ಅಂದರು ಗೌಡರು.

ನಿಂಗಮ್ಮ ಸಾಲಿನಲ್ಲಿ ಮೂರನೆಯವಳಾಗಿದ್ದಳು. ನನ್ನ ಕಡೆ ಒಮ್ಮೆ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನಾನು ಮರೆಯುತ್ತಿದ್ದೆನೇನೋ. ಹಾಗಿರಲಿಲ್ಲ. ಮಗು ಖರೆಯನ್ನೇ ಹೇಳಿತು ಎಂಬುದು ಅವಳಿಗೂ ಗೊತ್ತಿತ್ತು. ಅವಳು ಗೌಡರ ಎದುರಿಗೆ ಬಂದಳು.

“ಗೌಡ್ರ, ನಾಳಿ ಮುಂಜಾನಿ ಎಮ್ಮಿ ಇಲ್ಲೇ ಹೊಡಕೊಂಡು ಬರ್ತೀನಿ. ನಿಮ್ಮ ಕಣ್ಣ ಮುಂದ ಹಿಂಡ್ತೀನಿ. ಕುರ್ಚಿ ಹಾಕ್ಕೊಂಡು ಕುಂದರ್ರಿ. ಎಮ್ಮಿ ಕೆಚ್ಚಲದಾಗ ನಾ ಕೈ ಹಾಕಿ ಕೆನಿ ತಗೀಲಿಕತ್ತೀನೇನು, ನೋಡ್ರಿ.”

“ಬಿಡು ನಿಂಗಮ್ಮ, ಆಗಿದ್ದು ಆಯ್ತು. ಎಮ್ಮಿ ಯಾಕ ಇಲ್ಲಿ ತರ್ತಿ?”

“ತರ್ತೀನ್ರಿ.”

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ನನ್ನ ಮುಖ ನೋಡಿದಳು. “ನಾಳಿ ನೀನೂ ಹೋಗು,” ಅಂದಳು. “ಎಲ್ಲಾ ಮುಗಿಯೂತನಕ ಅಲ್ಲೇ ನಿಂದ್ರು. ನಡುವ ಓಡಿ ಬರಬ್ಯಾಡ.”

ಹೋದೆ. ನಿಂತೆ. ಎಲ್ಲಿ ಎಂಬುದನ್ನು ಮೊದಲೇ ಹೇಳಿದ್ದೇನೆ. ನನ್ನ ಎಡಕ್ಕೆ ರಜಿಯಾ. ಅಂಗಳದಲ್ಲಿ ಕುರ್ಚಿಯ ಮೇಲೆ ಗೌಡರು, ಸುತ್ತ ಮೂವತ್ತು ಮಂದಿ ಇದ್ದಿರಬಹುದು, ಎಣಿಸಲಿಲ್ಲ.

ನಿಂಗಮ್ಮ ಎಮ್ಮೆ ಹಿಡಿದು ಬಂದಳು. ಹಿಂದೆ ಏಳು ವರ್ಷದ ಮೊಮ್ಮಗ ಮಲ್ಲಪ್ಪ ಕರುವಿನ ದಾವಣಿ ಹಿಡಿದಿದ್ದ. ಪಾತ್ರೆಯನ್ನು ಮೌಲಾ ಮಾಮಾನೇ ತೊಳೆದು, ಒಳಗೆ ಕೈಯಾಡಿಸಿ ನೋಡಿ ಕೊಟ್ಟ. ಮಂದಿಯನ್ನು ಕಂಡು ಚಂದ್ರಿ ಬೆದರಿತು. ಬಹಳ ಹೊತ್ತು ತೊರೆ ಬಿಡಲಿಲ್ಲ. ನಿಂಗಮ್ಮ ಅದರ ಬೆನ್ನು ತಿಕ್ಕುತ್ತ ನಿಂತಳು. ಕರು ಗುದ್ದಿತು. ಕಡೆಗೆ ಹಾಲಿಳಿಯಿತು. ಅವಳು ಕೂತು ದಿನದಂತೆಯೇ ಹಿಂಡಿದಳು. ಧಾರೆ ಸಣ್ಣಗಾದಾಗ, ದಿನದಂತೆಯೇ, ಕೈ ತೆಗೆದಳು.

“ಕರಾ ಬಿಡೋ,” ಅಂದಳು ಮೊಮ್ಮಗನಿಗೆ.

ಹಾಲು ನೇರ ಮೇಜಿಗೆ ಹೋಯಿತು. ಡಿಗ್ರಿ ಸರಿ ಇತ್ತು. ಮೌಲಾ ಮಾಮಾ ಸ್ಯಾಂಪಲ್ ತೆಗೆದು ಮಿಷನ್ನಿಗೆ ಹಾಕಿದ. ಎಲ್ಲರೂ ಬಾಗಿಲಿಗೆ ಮುಗಿಬಿದ್ದರು. ಅವನು ಅಂಕಿ ನೋಡಿದ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

“ಅಷ್ಟೇ ಬಂದದ. ನಿನ್ನಿಯಷ್ಟೇ.”

ಕೆನೆ ತೆಗೆದಿಲ್ಲ ಎಂಬುದಕ್ಕೆ ಮೂವತ್ತು ಮಂದಿಯ ಕಣ್ಣಿದ್ದವು, ತೆಗೆದಿದ್ದಾಳೆ ಎಂಬುದಕ್ಕೆ ಮಿಷನ್ನಿತ್ತು. “ಎಮ್ಮೀನೇ ಕೆನಿ ತಗದು ಕೊಡ್ತದೇನು ಮತ್ತ?” ಅಂದರು ಗೌಡರು. ಈ ಸಲ ನಗು ಅಷ್ಟಾಗಿ ಬರಲಿಲ್ಲ. ನಿಂಗಮ್ಮ ಎಮ್ಮೆಯ ಪಕ್ಕದಲ್ಲಿ ಕೂತಲ್ಲಿಂದ ಏಳಲೇ ಇಲ್ಲ. ಹಾಲಾದ ಕೈಯನ್ನು ಸೆರಗಿಗೆ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದಳು. ಅದನ್ನು ನಾನು ಕಂಡೆ.

ಮೌಲಾ ಮಾಮಾ ಮೆಟ್ಟಿಲಿಳಿದು ಬಂದು ಪಾತ್ರೆಯನ್ನೂ ಸ್ಯಾಂಪಲ್ಲಿನ ಗ್ಲಾಸನ್ನೂ ಕೆಳಗಿಟ್ಟ. ಕರು ಹಾಲು ಕುಡಿಯುತ್ತಿತ್ತು. ಅದರ ಬಾಯಿಯ ಅಂಚಿನಿಂದ ದಪ್ಪ ನೊರೆ ಇಳಿಯುತ್ತಿತ್ತು. ಅವನು ಬಗ್ಗಿ ಆ ನೊರೆಯನ್ನು ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಪಾತ್ರೆಯ ತಳದಲ್ಲಿ ಉಳಿದಿದ್ದ ಹಾಲಿಗೆ ಇನ್ನೊಂದು ಕೈಯ ಬೆರಳು ಅದ್ದಿ ಅದನ್ನೂ ತಿಕ್ಕಿದ.

“ಫರಕ್ ಅದ,” ಅಂದ. “ಕರಾ ಜರಾ ಎಳೀರಿ. ನಿಂಗಮ್ಮ, ಉಳದದ್ದು ಈ ಗ್ಲಾಸಿಗಿ ಹಿಂಡು.”

“ಅದು ಕರದ್ದು.”

“ಗೊತ್ತದ. ಒಂದೇ ಗ್ಲಾಸು.”

“ಕರದ ಬಾಯಾಗಿಂದು ಕಸಗೊಂಡು ಇಲ್ಲೀತನಕ ಹಿಂಡಿಲ್ಲ ನಾ.”

“ನಿನ್ನ ಹೆಸರಿನ ಸಲುವಾಗಿ ಕೇಳ್ಲಿಕತ್ತೀನಿ, ನಿಂಗಮ್ಮ. ಇವತ್ತೊಂದು ದಿನ. ಆಮ್ಯಾಗ ಎಂದೂ ಕೇಳಂಗಿಲ್ಲ.”

ಅವಳು ಕರುವಿನ ಕಡೆ ನೋಡಿದಳು, ಮಂದಿಯ ಕಡೆ ನೋಡಿದಳು. ಆಮೇಲೆ ಗ್ಲಾಸು ತೆಗೆದುಕೊಂಡಳು. ಮಲ್ಲಪ್ಪ ಕರುವನ್ನು ಎಳೆದು ಹಿಡಿದ. ಅದು ಕೂಗಿತು. ಮೂರು ಬೆರಳಿನಷ್ಟು ಹಾಲು ಬಂತು. ಬಣ್ಣವೇ ಬೇರೆ ಇತ್ತು.

ಮಿಷನ್ನಿನಲ್ಲಿ ಅಂಕಿ ಮೊದಲಿನದರ ಎರಡು ಪಟ್ಟು ದಾಟಿತು. ಮೌಲಾ ಮಾಮಾ ಇನ್ನೊಂದು ಸಲ ಹಾಕಿ ನೋಡಿ ಹೊರಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದ: “ಮೊದಲ ಹಾಲು ತೆಳ್ಳಗ ಇರ್ತದ, ಕಡೀ ಹಾಲಿನಾಗ ಜಿಡ್ಡು ಇರ್ತದ. ನಾವೆಲ್ಲಾ ಪೂರಾ ಹಿಂಡ್ತೀವಿ. ಈಕಿ ಬಿಡ್ತಾಳ. ಈಕಿ ಕೆನಿ ಕರದ ಹೊಟ್ಯಾಗ ಅದ.”

ಗೌಡರು ಎದ್ದು ನಿಂತರು. ಅವರು ಕೆಟ್ಟ ಮನುಷ್ಯರಲ್ಲ. “ತಪ್ಪಾಯ್ತು ನಿಂಗಮ್ಮ,” ಅಂದರು. “ಇಷ್ಟೇ ಅಲ್ಲೇನು, ನಾಳಿಯಿಂದ ಪೂರಾ ಹಿಂಡಿ ತಗೊಂಡು ಬಾ. ಹಲಗಿ ಮ್ಯಾಲ ನಿಂದೇ ಮೊದಲ ಹೆಸರು. ಗಂಡುಗರಾ ಅದು, ಅದಕ್ಕ್ಯಾಕ ಕೆನಿ?”

ಆ ಮಾತಿಗೆ ಅಂಗಳದಲ್ಲಿದ್ದ ಕೆಲವರು ನೆಲ ನೋಡಿದರು. ಡೈರಿ ಬಂದ ಮೇಲೆ ನಮ್ಮ ಓಣಿಯೊಂದರಲ್ಲೇ ಮೂರು ಗಂಡು ಕರುಗಳು ಬಡಕಲಾಗಿ ಸತ್ತಿದ್ದವು. ಯಾಕೆ ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ. ನಾನೂ ಅವುಗಳನ್ನು ನೋಡಿದ್ದೆ, ಕೇಳಿರಲಿಲ್ಲ.

ನಿಂಗಮ್ಮ ಎದ್ದು ಸೆರಗು ಝಾಡಿಸಿದಳು. “ಹಾಲು ಬಂದಿದ್ದೇ ಅದರ ಸಲುವಾಗಿ, ಗೌಡ್ರ. ನಾವು ನಡುವ ಬಂದವರು,” ಅಂದಳು. ಆಮೇಲೆ ಮೌಲಾ ಮಾಮಾನ ಕಡೆ ತಿರುಗಿ, “ಎಂಟು ದಿನ ನನ್ನ ಹೆಸರು ಈ ಹಲಗಿ ಮ್ಯಾಲ ಕೆಡಿಸೀರಿ. ಇವತ್ತು ಅದರ ಮ್ಯಾಲೇ ಬರಿ. ನಿಂಗಮ್ಮ ಕೆನೆ ತೆಗೆದಿಲ್ಲ, ಅಂತ,” ಅಂದಳು.

ಅವನು ಬರೆದ. ನಿಂಗಮ್ಮನಿಗೆ ಓದು ಬರುತ್ತಿರಲಿಲ್ಲ.

“ಶಶಿ, ಏನು ಬರದಾನ ಓದವ್ವ. ಜೋರಲೆ ಓದು.”

ಓದಿದೆ. ಹಿಂದೆ ನಿಂತವರಿಗೂ ಕೇಳಲೆಂದು ಎರಡನೆಯ ಸಲ ಓದಿದೆ. ಅವಳು ಹಲಗೆಯನ್ನು ನೋಡುತ್ತ ಕೇಳಿಸಿಕೊಂಡಳು. ಗ್ಲಾಸಿನಲ್ಲಿ ಉಳಿದಿದ್ದ ಹಾಲನ್ನು ಅಂಗೈಗೆ ಸುರಿದುಕೊಂಡು ಕರುವಿಗೆ ನೆಕ್ಕಿಸಿ, ಎಮ್ಮೆ ಹೊಡೆದುಕೊಂಡು ಹೋದಳು. ಮತ್ತೆಂದೂ ಡೈರಿಗೆ ಹಾಲು ಹಾಕಲಿಲ್ಲ. ಐದಾರು ಮನೆಗಳಿಗೆ ಕೊಡುತ್ತ, ಬದುಕಿರುವ ತನಕ ಕಡೆಯ ಹಾಲು ಬಿಡುತ್ತಲೇ ಇದ್ದಳು.

ಮರುದಿನ ಮುಂಜಾನೆ ಹೊಸ ಅಂಕಿಗಳಿಗೆ ಜಾಗ ಬೇಕೆಂದು ಆ ಹಲಗೆಯನ್ನು ಒರೆಸಿದರು. ಅದು ದಿನದ ಪದ್ಧತಿ, ಬೇಕೆಂದು ಮಾಡಿದ್ದಲ್ಲ.

ಈಗ ನಾನು ಶಹಾಬಾದಿನಲ್ಲಿದ್ದೇನೆ. ಮುಂಜಾನೆ ಬಾಗಿಲಿಗೆ ಪಾಕೀಟು ಬರುತ್ತದೆ. ಹಾಲು ಶುದ್ಧವಾಗಿದೆ, ಒಡೆಯುವುದಿಲ್ಲ, ಮಳೆಗಾಲವಾಗಲಿ ಬೇಸಿಗೆಯಾಗಲಿ ಒಂದೇ ರುಚಿ. ಜಿಡ್ಡು ಎಷ್ಟು ಎಂದು ಮೇಲೆಯೇ ಅಚ್ಚು ಹಾಕಿರುತ್ತಾರೆ. ಹೋದ ವರ್ಷ ಚಿತ್ತಾಪುರದ ದಾರಿಯಲ್ಲಿ ಹೊಸದಾಗಿ ಕಟ್ಟಿದ ಒಂದು ದೊಡ್ಡ ದನದ ಶೆಡ್ಡು ನೋಡಲು ಹೋಗಿದ್ದೆ. ಚೊಕ್ಕಟವಾಗಿತ್ತು, ನೊಣವಿರಲಿಲ್ಲ. ಮಿಷನ್ನಿನಿಂದಲೇ ಹಿಂಡುತ್ತಾರೆ. ಅಲ್ಲಿ ಕೆಲಸಕ್ಕಿದ್ದ ಹುಡುಗಿ ಯಾವ ಹಸು ಎಷ್ಟು ಕೊಟ್ಟಿತು ಎಂದು ಫೋನಿನಲ್ಲಿ ತೋರಿಸಿದಳು. ಕಿವಿಗೆ ಹಾಕಿದ ನಂಬರು ಒತ್ತಿದರೆ ಸಾಕು. ಕರುಗಳು ಎಲ್ಲಿ ಎಂದು ಕೇಳಿದೆ.

“ಗಂಡು ಇದ್ರ ಇಲ್ಲಿ ಇಟ್ಕೊಳ್ಳಲ್ರಿ, ಅಮ್ಮಾ,” ಅಂದಳು ಅವಳು. ಎಲ್ಲಿಗೆ ಹೋಗುತ್ತವೆ ಎಂಬುದು ಅವಳಿಗೂ ತಿಳಿಯದು. ಸುಳ್ಳು ಹೇಳಲಿಲ್ಲ, ಅಷ್ಟೇ. ನನಗೆ ಅವಳ ಮೇಲೆ ಸಿಟ್ಟಿಲ್ಲ. ಪಾಕೀಟಿನ ಮೇಲೆ ಎಲ್ಲವೂ ಇದೆ. ಯಾರ ಪಾಲು ಬಿಟ್ಟು ತಂದದ್ದು, ಯಾರ ಪಾಲು ಉಳಿಸದೆ ತಂದದ್ದು ಎಂಬ ಸಾಲಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಹಾಗೆ ಕೇಳಬಹುದಿತ್ತು ಎಂಬುದೇ ನಮಗೆ ಮರೆತಿದೆ.

ಇದನ್ನು ಈಗ ಬರೆಯಲು ಕಾರಣ ಅದಲ್ಲ. ಈ ಬೇಸಿಗೆಯಲ್ಲಿ ನಮ್ಮೂರಿನ ಒಂದು ಮದುವೆಯ ಊಟದಲ್ಲಿ, ಮಲ್ಲಪ್ಪ ಪಂಕ್ತಿಯಲ್ಲಿ ಬಡಿಸುತ್ತಿದ್ದಾಗ, ನನ್ನ ಪಕ್ಕ ಕೂತಿದ್ದವರೊಬ್ಬರು ಇನ್ನೊಬ್ಬರಿಗೆ ಅವನ ಗುರುತು ಹೇಳಿದರು: “ಇಂವ ಕೆನಿ ನಿಂಗಮ್ಮನ ಮೊಮ್ಮಗ. ಆಕಿ ಕೆನಿ ತಗದು ಡೈರಿಗಿ ಹಾಲು ಹಾಕ್ತಿದ್ಲಲ್ಲ, ಆಕಿ.” ಮಲ್ಲಪ್ಪನಿಗೆ ಕೇಳಿಸಿತು. ಅವನು ಮುಂದಿನ ಎಲೆಗೆ ಹೋದ. ಅಷ್ಟು ಮಂದಿಯ ಎದುರು ನಡೆದದ್ದು ಎಲ್ಲಿ ಹೋಯಿತು, ನಾನು ಆಡಿದ ಒಂದು “ಹೂಂ” ಹೇಗೆ ಉಳಿಯಿತು ಎಂದು ಕೂತಲ್ಲೇ ಯೋಚಿಸಿದೆ. ಆಮೇಲೆ ಅವರಿಗೆ ಹೇಳಿದೆ, ಪಂಕ್ತಿ ಏಳುವ ತನಕ ಹೇಳಿದೆ. ಅವರು ತಲೆಯಾಡಿಸಿದರು. ಅಷ್ಟು ಸಾಲದು ಎಂದು ಇಲ್ಲಿ ಬರೆದಿದ್ದೇನೆ. ಇನ್ನೂ ಯಾರಾದರೂ ಆ ಹೆಸರು ಹಿಡಿದರೆ ಅಲ್ಲಿಗೂ ಹೋಗಿ ಹೇಳುತ್ತೇನೆ.

ನಿಂಗಮ್ಮ ಇಲ್ಲ. ಗೌಡರಿಲ್ಲ. ನನ್ನ ಅವ್ವನೂ ಇಲ್ಲ. ಬದುಕಿದ್ದರೂ ಅವಳು ಸಾಕ್ಷಿಯಲ್ಲ, ಆ ಮುಂಜಾನೆ ಅಂಗಳದಲ್ಲಿರಲಿಲ್ಲ. ಇದ್ದು ನೋಡಿದವರಲ್ಲಿ ಈಗ ಬದುಕಿರುವವರು, ನನಗೆ ತಿಳಿದ ಮಟ್ಟಿಗೆ, ನನ್ನನ್ನು ಬಿಟ್ಟರೆ ಮೂವರು. ಊರಲ್ಲೇ ಇರುವ ಮಲ್ಲಪ್ಪ. ವಾಡಿಯಲ್ಲಿ ಸಂಸಾರ ಮಾಡಿಕೊಂಡಿರುವ ರಜಿಯಾ. ಮಗಳ ಮನೆಯಲ್ಲಿರುವ ಅವಳ ಅಪ್ಪ ಮೌಲಾ ಮಾಮಾ. ಅವನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಆದರೂ ಕೇಳಿದರೆ ಅಂದಿನ ಎರಡೂ ಅಂಕಿ ಹೇಳುತ್ತಾನೆ.